ಹಿಂದೆ, ನಡುವಿನ ಜಾಗ

ಆ ಚಳಿಗಾಲದಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಕಟ್ಟೆಯ ಮೇಲೆ ಬಾಟಲಿ ಮುಚ್ಚಳಗಳನ್ನು ಜೋಡಿಸುವುದು, ಕೆಡಿಸುವುದು, ಮತ್ತೆ ಜೋಡಿಸುವುದು. ಐದು ನೀಲಿ ಮುಚ್ಚಳ ಎದುರಾಳಿಗಳು, ಐದು ಬಿಳಿ ಮುಚ್ಚಳ ನಮ್ಮವರು. ಒಲೆಯ ಮೇಲೆ ಸಾರು ಉಕ್ಕಿ ಹೋದರೂ ಕಣ್ಣು ಮುಚ್ಚಳಗಳ ಮೇಲೆಯೇ. ನಾಲ್ಕು ಬಿಳಿ ಮುಚ್ಚಳಗಳಿಗೆ ತಲೆ ಕೆಡಿಸಿಕೊಂಡು ಜಾಗ ಹುಡುಕುತ್ತಿದ್ದೆ. ಐದನೆಯದು ನನ್ನ ಮಗಳು. ಅವಳಿಗಾಗಿ ಹುಡುಕುತ್ತಿರಲಿಲ್ಲ, ಉಳಿದ ಜಾಗ ಯಾವುದೋ ಅದು ಅವಳಿಗೆ.

ದೋಹಾದ ಪಶ್ಚಿಮ ಅಂಚಿನಲ್ಲಿ ವಿದೇಶಿ ಕಾಲೇಜುಗಳೆಲ್ಲ ಒಂದೇ ಆವರಣದಲ್ಲಿವೆ. ಅದರಲ್ಲಿ ಅಮೆರಿಕದ ಒಂದು ಕಾಲೇಜಿನ ವಿದ್ಯಾರ್ಥಿ ವಿಭಾಗದ ಕಚೇರಿಯಲ್ಲಿ ನನ್ನ ಕೆಲಸ. ಮಗಳು ಅದೇ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದಳು. ಗಂಡ ದುಖಾನಿನ ತೈಲ ಕಂಪನಿಯಲ್ಲಿ. ವಾರವಿಡೀ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು ಗುರುವಾರ ಸಂಜೆ ನಮ್ಮ ಬಳಿ ಬರುತ್ತಾರೆ. ಅವರು ಬಾಗಲಕೋಟೆಯವರು, ನಾನು ಮೂಲ್ಕಿಯವಳು. ನನ್ನ ತುಳು ಅವರಿಗೆ ಬಾರದು, ಅವರ ಕನ್ನಡ ಮದುವೆಯಾದ ಹೊಸದರಲ್ಲಿ ನನಗೆ ಅರ್ಧವೇ ತಿಳಿಯುತ್ತಿತ್ತು. ನಮ್ಮಿಬ್ಬರ ನಡುವೆ ಬೆಳೆದ ಮಗಳ ಕನ್ನಡದಲ್ಲಿ ಎರಡೂ ಊರುಗಳಿವೆ, ಮೇಲೆ ಇಂಗ್ಲಿಷಿನ ಒಗ್ಗರಣೆ.

ಕಾಲೇಜಿನಲ್ಲಿ ಹುಡುಗಿಯರಿಗೆ ಅಮೆರಿಕದವರ ಫುಟ್‌ಬಾಲ್ ತಂಡವೊಂದಿತ್ತು. ಕಾಲಿನಿಂದ ಒದೆಯುವ ಆಟವಲ್ಲ ಅದು. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಕೊನೆಯ ಗೆರೆಯ ತನಕ ಓಡುವ ಆಟ. ಗಂಡಸರು ಆಡುವಾಗ ಒಬ್ಬರ ಮೇಲೊಬ್ಬರು ಬಿದ್ದು ಕೆಡವುತ್ತಾರೆ; ನಮ್ಮ ಹುಡುಗಿಯರು ಸೊಂಟದ ಎರಡೂ ಕಡೆ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಳ್ಳುತ್ತಾರೆ, ಅದನ್ನು ಕಿತ್ತರೆ ಓಟ ಅಲ್ಲಿಗೆ ಖಲಾಸ್. ಒಂದೊಂದು ಕಡೆ ಐದೈದು ಜನ. ಎದುರಿನವರಲ್ಲಿ ಒಬ್ಬಳು ಎಸೆಯುತ್ತಾಳೆ, ನಾಲ್ವರು ಹಿಡಿಯಲು ಓಡುತ್ತಾರೆ. ನಮ್ಮಲ್ಲಿ ಒಬ್ಬಳು ಎಸೆಯುವವಳ ಮೇಲೆ ನುಗ್ಗಿದರೆ ಉಳಿದ ನಾಲ್ವರು ಕಾಯಬೇಕು. ಹೇಗೆ ಕಾಯುವುದು ಎನ್ನುವುದೇ ಇಡೀ ತಲೆನೋವು.

ತಂಡಕ್ಕೆ ತರಬೇತಿ ಕೊಡುತ್ತಿದ್ದವಳು ನಮ್ಮ ಕಚೇರಿಯ ಅಮೆರಿಕನ್ ಹೆಂಗಸು. ನಾನು ಡಿಗ್ರಿಯಲ್ಲಿ ವಿಶ್ವವಿದ್ಯಾಲಯದ ಮಟ್ಟದ ಕಬಡ್ಡಿ ಆಡಿದವಳು ಎಂದು ಗೊತ್ತಾದ ಮೇಲೆ ನನ್ನನ್ನು ಬಿಡಲಿಲ್ಲ, ಸಹಾಯಕಿ ಮಾಡಿಕೊಂಡಳು. ಮೊದಲ ದಿನ ಹುಡುಗಿಯೊಬ್ಬಳು ನನ್ನ ಪಕ್ಕದಿಂದ ಓಡಿದಾಗ ನಾನು ಪಟ್ಟಿ ಬಿಟ್ಟು ಅವಳ ಕಾಲಿಗೇ ಕೈ ಹಾಕಿ ಹಿಡಿದುಬಿಟ್ಟಿದ್ದೆ. ಇಪ್ಪತ್ತೈದು ವರ್ಷದ ಹಿಂದಿನ ಚಟ, ಕೈ ಮರೆತಿರಲಿಲ್ಲ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಕೆ ನನಗೆ ಪಾಠ ಹೇಳಿದ್ದು ಪ್ಯಾಂಟ್ರಿಯಲ್ಲಿ, ಕಾಗದದ ಲೋಟಗಳನ್ನು ಇಟ್ಟುಕೊಂಡು. ಕಾಯಲು ಎರಡು ದಾರಿ. ಒಂದು, ಒಬ್ಬೊಬ್ಬಳಿಗೆ ಒಬ್ಬೊಬ್ಬಳು: ನಿನ್ನವಳು ಎಲ್ಲಿ ಹೋದರೂ ನೀನು ಬೆನ್ನು ಹತ್ತಬೇಕು. ಇನ್ನೊಂದು, ಮೈದಾನವನ್ನೇ ಹಂಚಿಕೊಳ್ಳುವುದು: ಮೂವರು ಮುಂದೆ, ಒಬ್ಬಳು ಹಿಂದೆ ನಡುವೆ, ನಿನ್ನ ಜಾಗಕ್ಕೆ ಯಾರು ಬಂದರೂ ಅವರು ನಿನ್ನವರು. ಮೊದಲನೆಯದಕ್ಕೆ ಕಾಲು ಬೇಕು, ಎರಡನೆಯದಕ್ಕೆ ಕಣ್ಣು ಮತ್ತು ಬಾಯಿ. ಯಾವುದು ಒಳ್ಳೆಯದು ಎಂದು ಕೇಳಿದೆ. ಹಾಗೆ ಕೇಳಬಾರದಂತೆ. ಮೊದಲು ನಿನ್ನ ಹತ್ತಿರ ಯಾರಿದ್ದಾರೆ ನೋಡು, ಆಮೇಲೆ ದಾರಿ ಆರಿಸು. ದಾರಿ ಮೊದಲೇ ಆರಿಸಿ ಅದರೊಳಗೆ ಹುಡುಗಿಯರನ್ನು ತುರುಕಬೇಡ ಎಂದಳು. ಇದರಲ್ಲಿ ಎಂತ ದೊಡ್ಡ ವಿಷಯ ಎಂದುಕೊಂಡು ಚಹಾ ಕುಡಿದು ಎದ್ದೆ.

ನಮ್ಮ ಹತ್ತಿರ ಇದ್ದವರು ಇವರು. ನಾಯಕಿ ಕತಾರಿನ ಹುಡುಗಿ, ಬಾಣದ ಹಾಗೆ ನುಗ್ಗುವವಳು, ಆದ್ದರಿಂದ ಎಸೆಯುವವಳ ಮೇಲೆ ಬೀಳುವ ಕೆಲಸ ಅವಳದು. ಜರ್ಸಿಯ ತೋಳು ಗಿಡ್ಡವೆಂದು ನಜ್ಮಾ ಪೇಟೆಯ ದರ್ಜಿಯ ಹತ್ತಿರ ತನಗೂ ಇನ್ನಿಬ್ಬರಿಗೂ ಮಣಿಕಟ್ಟಿನ ತನಕ ತೋಳು ಹೊಲಿಸಿಕೊಂಡು ಬಂದಿದ್ದಳು. ಸುಡಾನಿನ ಉದ್ದ ಕಾಲಿನವಳು ನಮ್ಮಲ್ಲಿ ಎಲ್ಲರಿಗಿಂತ ವೇಗ. ಲೆಬನಾನಿನವಳು ಎತ್ತರ, ಓಡಲು ಸೋಮಾರಿ. ಮಲಯಾಳಿ ಹುಡುಗಿಯ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ, ಮೈದಾನದಲ್ಲಿ ಯಾರು ಎಲ್ಲಿದ್ದಾರೆ ಎಂದು ಕೂಗಿ ಹೇಳುತ್ತಲೇ ಇರುವಳು. ಐದನೆಯವಳು ನನ್ನ ಮಗಳು.

ಅವಳ ಓಟದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಅಪ್ಪನ ಮೈಕಟ್ಟು, ಅಪ್ಪನದೇ ನಿಧಾನ. ಆದರೆ ಅವಳಿಗೆ ಬೇರೊಂದು ಇತ್ತು. ಚಿಕ್ಕವಳಿದ್ದಾಗ ದುಖಾನ್ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತು, "ಅಪ್ಪಾ, ಆ ಬಿಳಿ ಗಾಡಿ ಈಗ ಈ ಕಡೆ ಬರ್ತದೆ" ಎನ್ನುತ್ತಿದ್ದಳು. ಗಾಡಿ ಸಿಗ್ನಲ್ ಹಾಕಿರುತ್ತಿರಲಿಲ್ಲ, ಆದರೂ ಬರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ ಭುಜ ಕುಣಿಸುವಳು. ಮೈದಾನದಲ್ಲೂ ಅಷ್ಟೇ. ಚೆಂಡು ಕೈ ಬಿಡುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ತಿಳಿದಿರುತ್ತಿತ್ತು.

ನವೆಂಬರಿನಲ್ಲಿ, ಅಭ್ಯಾಸ ಶುರುವಾದ ಎರಡನೆಯ ವಾರ, ಬಟ್ಟೆ ಮಡಚುತ್ತಾ ನನ್ನ ಹತ್ತಿರ ಹೇಳಿದಳು: "ಅಮ್ಮ, ನಂಗೆ ಹಿಂದೆ ನಿಲ್ಲುದು ಇಷ್ಟ. ಹಿಂದೆ, ಮಧ್ಯದಲ್ಲಿ. ಅಲ್ಲಿಂದ ಎಲ್ಲ ಕಾಣ್ತದೆ."

ಈ ಹುಡುಗಿ ಅದುವರೆಗೆ ಯಾವ ತಂಡದಲ್ಲೂ ಇದ್ದವಳಲ್ಲ. ಶಾಲೆಯಲ್ಲಿ ತಂಡ ಆರಿಸುವಾಗ ಕೊನೆಯಲ್ಲಿ ಉಳಿಯುವವಳು, ಆಮೇಲೆ ಆಟದ ಪೀರಿಯಡ್ ಬಂದರೆ ಹೊಟ್ಟೆನೋವು ಎನ್ನುವವಳು. ಹತ್ತೊಂಬತ್ತು ವರ್ಷಕ್ಕೆ ಮೊದಲ ಬಾರಿ ಒಂದು ಜಾಗ ಬೇಕು ಎಂದು ಬಾಯಿಬಿಟ್ಟು ಕೇಳಿದಳು. "ನೋಡುವ" ಎಂದೆ.

ಜನವರಿಯಲ್ಲಿ ಅಮೆರಿಕನ್ ತರಬೇತುಗಾರ್ತಿಯ ತಾಯಿಗೆ ಸೀಕು ಜೋರಾಗಿ ಆಕೆ ದಿಢೀರನೆ ಊರಿಗೆ ಹೋಗಬೇಕಾಯಿತು. ಆ ವರ್ಷದ ಮೂರು ಪಂದ್ಯಗಳೂ ಇನ್ನೂ ಬಾಕಿ. ಸೀಟಿ ಮತ್ತು ಒಂದು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ಇಲ್ಲಿನ ಅರಬರ ಹಾಗೆ 'ಯಲ್ಲಾ, ನಡಿ' ಅಂದು, ಇನ್ನು ನೀನೇ ನೋಡಿಕೋ ಎಂದು ಹೋದಳು. ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ಎಲ್ಲರೂ ಒಂದೇ ಮಾತು ಆಡುತ್ತಾರೆ ಎಂದು ನನಗೆ ಖಾತ್ರಿ ಇತ್ತು: ತರಬೇತುಗಾರ್ತಿಯ ಮಗಳಲ್ಲವಾ, ಅದಕ್ಕೇ. ಖಾತ್ರಿ ಯಾಕೆಂದರೆ ಒಂದು ಕಾಲದಲ್ಲಿ ಆ ಮಾತು ಆಡಿದವಳು ನಾನೇ. ನಮ್ಮ ಕಾಲೇಜಿನಲ್ಲಿ ಆಟದ ಮಾಸ್ಟ್ರ ಮಗಳು ಕಬಡ್ಡಿ ತಂಡದ ನಾಯಕಿಯಾಗಿದ್ದಳು. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಅವಳ ಬೆನ್ನ ಹಿಂದೆ ನಾನು ಆಡದ ಮಾತಿಲ್ಲ. ಈಗ ಯೋಚಿಸಿದರೆ ಅವಳು ನನಗಿಂತ ಚೆನ್ನಾಗಿಯೇ ಆಡುತ್ತಿದ್ದಳು.

ಅದೊಂದೇ ಅಲ್ಲ. ನಾನು ಬೆಳೆದ ಮನೆಯ ಕ್ರಮವೇ ಹಾಗೆ. ದೋಸೆ ಹುಯ್ಯುವ ದಿನ ನೆರೆಮನೆಯ ಮಕ್ಕಳು ಬಂದರೆ ಅಮ್ಮ ಗರಿಗರಿಯಾದದ್ದನ್ನೆಲ್ಲ ಅವರ ಬಟ್ಟಲಿಗೆ ಹಾಕುವಳು. ಕಾವಲಿಗೆ ಅಂಟಿ ಹರಿದದ್ದು ನನಗೆ. ಮುಖ ಊದಿಸಿದರೆ "ನಮ್ಮವರು ಕಾಯ್ತಾರೆ" ಎನ್ನುವಳು. ಹೊರಗಿನವರಿಗೆ ಮೊದಲು, ನಮ್ಮವರಿಗೆ ಉಳಿದದ್ದು: ಇದೇ ಮರ್ಯಾದೆ ಎಂದು ಕಲಿತೆ, ಅದನ್ನೇ ಕತಾರಿನ ಮೈದಾನದ ತನಕ ಹೊತ್ತು ತಂದೆ.

ಹಿಂದೆ ನಡುವೆ ನಿಲ್ಲುವ ಜಾಗ ಹೊರಗಿನಿಂದ ನೋಡುವವರಿಗೆ ಆರಾಮದ ಜಾಗ. ಓಟ ಕಡಿಮೆ, ಎಲ್ಲರಿಗಿಂತ ದೂರ. ಅಲ್ಲಿ ನನ್ನ ಮಗಳನ್ನು ನಿಲ್ಲಿಸಿದರೆ ಮುಗಿಯಿತಲ್ಲ ಕತೆ. ಹಾಗಾಗಿ ಒಬ್ಬೊಬ್ಬಳಿಗೆ ಒಬ್ಬೊಬ್ಬಳು ಎಂಬ ದಾರಿ ಹಿಡಿದೆ. ಅದರಲ್ಲಿ ಹಿಂದೆ ನಡುವೆ ಎಂಬ ಜಾಗವೇ ಇಲ್ಲ. ನಮ್ಮಲ್ಲಿ ಬೆನ್ನು ಹತ್ತಿ ಓಡಬಲ್ಲವಳು ಸುಡಾನಿನವಳೊಬ್ಬಳೇ ಎಂದು ನನಗೆ ಗೊತ್ತಿತ್ತು. ಅಷ್ಟೇ ಆಗಿದ್ದರೆ ತಪ್ಪು ಲೆಕ್ಕಾಚಾರ ಎಂದು ಬಿಡಬಹುದಿತ್ತು. ಎದುರಾಳಿಯ ಅತಿ ವೇಗದ ಹುಡುಗಿಯನ್ನು ಕಾಯಲು ನನ್ನ ಮಗಳನ್ನೇ ಹಾಕಿದೆ. ಯಾರಾದರೂ ಎಲ್ಲರೆದುರು ಸೋತು ಅವಮಾನ ಪಡುವುದಾದರೆ ನನ್ನ ಮಗಳೇ ಪಡಲಿ, ಬೇರೆಯವರ ಮಕ್ಕಳು ಬೇಡ. ಆಗ ಇದು ದೊಡ್ಡ ಗುಣ ಎಂದು ನನಗೆ ನಿಜವಾಗಿ ಅನ್ನಿಸಿತ್ತು.

"ಅಮ್ಮ, ಅವಳ ಹಿಂದೆ ಓಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಗೊತ್ತುಂಟಲ್ಲ ನಿಂಗೆ" ಎಂದಳು ಮಗಳು, ಪಂದ್ಯದ ಹಿಂದಿನ ದಿನ.

"ಪ್ರಯತ್ನ ಮಾಡು. ಸುಮ್ಮನೆ ಆಗುದಿಲ್ಲ ಆಗುದಿಲ್ಲ ಹೇಳ್ಬೇಡ" ಎಂದು ಗದರಿದೆ.

ಹುಡುಗಿಯರ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವಿಲ್ಲ. ಮೈದಾನದ ಸುತ್ತ ಎತ್ತರದ ಪರದೆ, ಬಾಗಿಲಲ್ಲಿ ಎಲ್ಲರ ಫೋನುಗಳೂ ಒಂದು ಬುಟ್ಟಿಗೆ. ನನ್ನ ಗಂಡ ಪಾರ್ಕಿಂಗಿನಲ್ಲಿ ಕಾರಿನೊಳಗೆ ಎಸಿ ಹಾಕಿಕೊಂಡು ಕಾಯುವರು. ಆ ದಿನ ಅವರಿಗೆ ಕಾಣದೆ ಹೋದದ್ದೇ ಒಳ್ಳೆಯದಾಯಿತು. ಎದುರಾಳಿಯ ಆ ಹುಡುಗಿ ನನ್ನ ಮಗಳನ್ನು ನಾಲ್ಕು ಸಲ ಹಿಂದೆ ಹಾಕಿ ಕೊನೆಯ ಗೆರೆ ದಾಟಿದಳು. ನಾಲ್ಕು ಸಲವೂ ಮಗಳಿಗೆ ಚೆಂಡು ಎಲ್ಲಿಗೆ ಬರುತ್ತದೆಂದು ಗೊತ್ತಿತ್ತು. ಅವಳ ಕತ್ತು ಮೊದಲೇ ಆ ಕಡೆ ತಿರುಗುವುದು ನನಗೆ ಕಾಣುತ್ತಿತ್ತು. ಕಾಲು ಮಾತ್ರ ತಲುಪುತ್ತಿರಲಿಲ್ಲ. ಬೇಲಿಯ ಹತ್ತಿರ ಕೂತಿದ್ದ ಹುಡುಗಿಯರು ಮೂರನೆಯ ಸಲ ನಕ್ಕರು, ನಾಲ್ಕನೆಯ ಸಲ ನಗಲಿಲ್ಲ. ನಗದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಕಾರಿನಲ್ಲಿ ಗಂಡ ಕೇಳಿದರು: "ಏನಾತು? ಇಬ್ಬರೂ ಹಿಂಗ ಸುಮ್ಮ ಕುಂತೀರಿ?"

ಮಗಳು ಕಿಟಕಿಯ ಕಡೆ ಮುಖ ಮಾಡಿದಳು. ನಾನು ಮನೆಯಲ್ಲಿ, ಅವಳು ಸ್ನಾನಕ್ಕೆ ಹೋದ ಮೇಲೆ, ಎಲ್ಲ ಹೇಳಿದೆ. ಯಾರಿಗೂ ಪಕ್ಷಪಾತ ಅನ್ನಿಸಬಾರದಲ್ಲ ಎಂದೂ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಅದು ನೀನ ನೋಡು" ಎಂದರು. "ಅಕಿಗೆ ಓಡಾಕ ಬರಂಗಿಲ್ಲ ಅಂತ ಗೊತ್ತೈತಿ, ಮತ್ಯಾಕ ಓಡಸ್ತಿ?"

"ಆಟ ನಿಮಗೆ ಗೊತ್ತಿಲ್ಲ ಮಾರಾಯ್ರೆ, ಸುಮ್ಮನೆ ಊಟ ಮಾಡಿ" ಎಂದು ಅವರ ಬಾಯಿ ಮುಚ್ಚಿಸಿದೆ. ಸಿಟ್ಟು ಬಂದಿತ್ತು, ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ.

ಮರುದಿನದಿಂದ ಮಗಳು ಓಡತೊಡಗಿದಳು. ಕಾಲೇಜಿನಿಂದ ಬಂದವಳೇ ಬೂಟು ಕಟ್ಟಿಕೊಂಡು ಬಿನ್ ಮಹಮೂದಿನ ಗಲ್ಲಿಗಳಲ್ಲಿ, ಅಡ್ಡಾದಿಡ್ಡಿ ನಿಂತ ಗಾಡಿಗಳ ನಡುವೆ, ಕ್ಲಿನಿಕ್ಕಿನ ಮೂಲೆಯ ತನಕ ಓಡಿ ವಾಪಸು. ನಾನು ಬಾಲ್ಕನಿಯಲ್ಲಿ ನಿಂತು ನೋಡುವೆ, ಒಳಗೆ ಹೋಗುವೆ, ಮತ್ತೆ ಬರುವೆ. ಒಂದು ವಾರದಲ್ಲಿ ವೇಗ ಬರುತ್ತದೆಯೇ. ಐದನೆಯ ದಿನ ಮೆಟ್ಟಿಲು ಹತ್ತುವಾಗ ಕುಂಟುತ್ತಿದ್ದಳು.

"ಎಂತ ಆಯ್ತು ಕಾಲಿಗೆ?"

"ಏನಿಲ್ಲ. ಐಸ್ ಇಟ್ಟರೆ ಸರಿಯಾಗ್ತದೆ."

ಬಟಾಣಿಯ ಪೊಟ್ಟಣವನ್ನು ಫ್ರೀಜರಿನಿಂದ ತಂದು ಅವಳ ಮೊಣಕಾಲಿನ ಮೇಲಿಟ್ಟೆ. ಊದಿತ್ತು. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ಓಡಬೇಡ, ನಿನ್ನ ಜಾಗ ಅದಲ್ಲ. ಬಾಯಿಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಮುಚ್ಚಳಗಳ ಮುಂದೆ ನಿಂತೆ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ತರಬೇತುಗಾರ್ತಿ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಹುಡುಗಿಯ ಬಗ್ಗೆ ಒಂದೆರಡು ಸಾಲು ಇತ್ತು. ಮಲಯಾಳಿ ಹುಡುಗಿಯ ಬಾಯಿ ಮುಚ್ಚಿಸಬೇಡ, ಅದೇ ಅವಳ ಬಲ ಎಂದು. ಲೆಬನಾನಿನವಳನ್ನು ಓಡಿಸಬೇಡ, ನಿಂತಲ್ಲಿಂದ ಕೈ ಎತ್ತಿದರೆ ಸಾಕು ಎಂದು. ನನ್ನ ಮಗಳ ಬಗ್ಗೆ ಬರೆದದ್ದು ಹೀಗಿತ್ತು: ಆಗುವ ಮೊದಲೇ ನೋಡುತ್ತಾಳೆ. ಮೊದಲು ಇವಳನ್ನು ಹಿಂದೆ ನಡುವೆ ನಿಲ್ಲಿಸು, ಉಳಿದವರನ್ನು ಆಮೇಲೆ ಜೋಡಿಸು. ಈ ಸಾಲನ್ನು ನಾನು ನೋಟ್‌ಬುಕ್ ಕೈಗೆ ಬಂದ ದಿನವೇ ಓದಿದ್ದೆ. ಓದಿ ಖುಷಿಪಟ್ಟೆ. ಆಮೇಲೆ ಹುಡುಗಿಯರ ಕಣ್ಣಿಗೆ ಬೀಳದಿರಲೆಂದು ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಎರಡನೆಯ ಪಂದ್ಯ ಬೇರೊಂದು ಕಾಲೇಜಿನ ಜೊತೆ, ಶನಿವಾರ ಸಂಜೆ. ಮಗಳ ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಮತ್ತೆ ಅದೇ: ಅತಿ ವೇಗದವಳಿಗೆ ನನ್ನ ಮಗಳು. ಒಂದು ಸಲ ಬರೆದದ್ದನ್ನು ಬದಲಾಯಿಸಿದರೆ ಹೋದ ವಾರದ್ದು ತಪ್ಪು ಎಂದು ಒಪ್ಪಿದಂತೆ. ಹಟ ನನ್ನದು ಮೊದಲಿನಿಂದಲೂ ಹಾಗೆಯೇ. ಅರ್ಧ ಆಟ ಮುಗಿಯುವಾಗ ಎದುರಾಳಿ ಮೂರು ಸಲ ಗೆರೆ ದಾಟಿದ್ದರು, ನಾವು ಒಂದು ಸಲ. ಮೂರರಲ್ಲಿ ಎರಡು ನನ್ನ ಮಗಳ ಕಡೆಯಿಂದ.

ವಿರಾಮದಲ್ಲಿ ಹುಡುಗಿಯರೆಲ್ಲ ನೀರು ಕುಡಿಯುತ್ತಿದ್ದರು. ನಾಯಕಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದಳು: "ಮಿಸ್, ಅವಳ ಮೇಲೆ ನಿಮಗೆ ಏನು ಸಿಟ್ಟು?"

"ಯಾರ ಮೇಲೆ?"

"ನಿಮ್ಮ ಮಗಳ ಮೇಲೆ. ಅವಳಿಗೆ ಶಿಕ್ಷೆ ಕೊಡ್ತಾ ಇದ್ದೀರಿ ಅಂತ ನಾವೆಲ್ಲ ಮಾತಾಡಿಕೊಳ್ತಾ ಇದ್ದೇವೆ. ಮನೆಯ ವಿಷಯ, ಕೇಳಬಾರದು ಅಂತ ಸುಮ್ಮನಿದ್ದೆವು. ಅವಳು ಹಿಂದೆ ನಿಲ್ಲಬೇಕಾದವಳು, ಎಲ್ಲರಿಗೂ ಗೊತ್ತು."

ನಾನು ಹೆದರಿದ್ದ ಮಾತನ್ನು ಇಡೀ ತಂಡದಲ್ಲಿ ಒಬ್ಬಳೂ ಆಡಿರಲಿಲ್ಲ. ಎರಡು ವಾರದಿಂದ ಅವರು ಆಡಿಕೊಂಡದ್ದು ಅದರ ತದ್ವಿರುದ್ಧವಾದದ್ದನ್ನು. ನಾಯಕಿಯ ಮುಖದಲ್ಲಿ ನನ್ನ ಬಗ್ಗೆ ಇದ್ದದ್ದು ಕನಿಕರ.

ಚೀಟಿಯನ್ನು ಹರಿದು ಜೇಬಿಗೆ ಹಾಕಿದೆ. "ಯಾರೂ ಯಾರ ಹಿಂದೆಯೂ ಓಡಬೇಕಾಗಿಲ್ಲ" ಎಂದು ಎಲ್ಲರನ್ನೂ ಕರೆದು ಹೇಳಿದೆ. ಬಲಗಡೆ ಸುಡಾನಿನವಳು, ಎಡಗಡೆ ಎತ್ತರದವಳು, ಮುಂದೆ ನಡುವೆ ಬಾಯಿ ನಿಲ್ಲದವಳು. ಮಗಳಿಗೆ ಬೆರಳು ತೋರಿಸಿ "ಹಿಂದೆ" ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ ಕುಂಟುತ್ತಾ ಹೋಗಿ ನಿಂತಳು.

ಆಮೇಲಿನ ಇಪ್ಪತ್ತು ನಿಮಿಷ ನಾನು ಸೀಟಿ ಬಾಯಲ್ಲಿಟ್ಟುಕೊಂಡು ಗೆರೆಯುದ್ದಕ್ಕೂ ಅತ್ತಿಂದಿತ್ತ ನಡೆದೆ. ಎಸೆಯುವವಳು ಕೈ ಹಿಂದೆ ತೆಗೆಯುವ ಮೊದಲೇ ನನ್ನ ಮಗಳ ದನಿ ಕೇಳುತ್ತಿತ್ತು, "ಲೆಫ್ಟ್, ಲೆಫ್ಟ್, ಉದ್ದ ಬರ್ತದೆ" ಎಂದು ಅವಸರದಲ್ಲಿ ಕನ್ನಡವೂ ಸೇರಿಕೊಂಡು. ಅರ್ಥವಾಗದಿದ್ದರೂ ಹುಡುಗಿಯರು ಆ ಕಡೆ ಸರಿಯುತ್ತಿದ್ದರು. ಅವಳು ನಾಲ್ಕು ಹೆಜ್ಜೆ ಇಟ್ಟರೆ ಸಾಕಾಗುತ್ತಿತ್ತು, ಚೆಂಡೇ ಅವಳಲ್ಲಿಗೆ ಬರುತ್ತಿತ್ತು. ಎರಡನ್ನು ಹಿಡಿದಳು, ಒಂದನ್ನು ಕೈಯಿಂದ ತಟ್ಟಿ ಬೀಳಿಸಿದಳು. ಎದುರಾಳಿಗೆ ಮತ್ತೆ ಒಂದು ಸಲವೂ ಗೆರೆ ದಾಟಲು ಆಗಲಿಲ್ಲ. ನಾವು ಇನ್ನೊಂದು ಗಳಿಸಿದೆವು, ಆದರೂ ಸೋತೆವು. ಹುಡುಗಿಯರು ಸೋತವರ ಹಾಗೆ ಇರಲಿಲ್ಲ, ಮಗಳನ್ನು ನಡುವೆ ಹಾಕಿಕೊಂಡು ಕುಣಿದರು.

ಬುಟ್ಟಿಯಿಂದ ಫೋನು ತೆಗೆದುಕೊಂಡು ಪಾರ್ಕಿಂಗಿಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಗಂಡ ಗಾಡಿ ಹೊರಡಿಸಿದರು. ನಾನು ಅವರ ಪಕ್ಕದಲ್ಲಿ, ಮಗಳು ಹಿಂದೆ ಕಾಲು ನೀಡಿಕೊಂಡು.

"ಏನಾತು ಇವತ್ತು?"

"ಸೋತೆವು. ಆದ್ರೆ ಕಡೆಯ ಅರ್ಧದಲ್ಲಿ ಒಂದೂ ಬಿಡ್ಲಿಲ್ಲ. ಇವಳನ್ನು ಹಿಂದೆ ನಿಲ್ಲಿಸಿದೆ. ನೀವು ನೋಡ್ಬೇಕಿತ್ತು" ಎಂದೆ. ಹಿಂದೆ ತಿರುಗಿ ಮಗಳ ಮುಖ ನೋಡಿದೆ, ಅವಳೂ ನಗುತ್ತಾಳೆ ಎಂದುಕೊಂಡು.

ನಗಲಿಲ್ಲ. "ಅವಳು ಹೇಳಿದ್ದಕ್ಕೆ ನಿಲ್ಲಿಸಿದೆ ಅಮ್ಮ" ಎಂದಳು. "ಕ್ಯಾಪ್ಟನ್ ಹೇಳಿದ್ದು ನಂಗೆ ಕೇಳ್ತಿತ್ತು. ನಾನು ನವೆಂಬರಿಂದ ಕೇಳ್ತಾ ಇದ್ದೆ."

ನಾನು ಏನೋ ಹೇಳಲು ಹೊರಟೆ. ಅವಳು ಬಿಡಲಿಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ, ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

"ನಾನು ನಿನ್ನ ಮಗಳಲ್ಲದಿದ್ರೆ ನೀನು ಮೊದಲ ದಿನವೇ ನಿಲ್ಲಿಸ್ತಿದ್ದೆ."

ಗಂಡ ರಸ್ತೆ ನೋಡುತ್ತಿದ್ದರು. ಗಾದೆ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಗುತ್ತಿರಲಿಲ್ಲ, ಆದರೂ ಸುಮ್ಮನಿದ್ದರು. ಹೊರಗಿನವರ ಮುಂದೆ ಸಣ್ಣವಳಾಗುವ ಹೆದರಿಕೆಯಲ್ಲಿ ನನ್ನ ಸ್ವಂತ ಮಗುವಿನ ಮುಂದೆ ಇಷ್ಟು ಸಣ್ಣವಳಾಗಿದ್ದೆ.

"ನಂದು ತಪ್ಪಾಯ್ತು" ಎಂದೆ. ಅವಳಿಗೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಗಾಡಿ ಎರಡು ಸಿಗ್ನಲ್ ದಾಟಿತು.

"ಮುಂದಿನ ಮ್ಯಾಚಿಗೆ ಮುಂದೆ ಆಚೀಚೆ ನಿಲ್ಲುವ ಇಬ್ಬರ ಜಾಗ ಬದಲು ಮಾಡು" ಎಂದಳು ಆಮೇಲೆ. "ಎತ್ತರದವಳು ಬಲಗಡೆ ಬರ್ಲಿ. ಆ ಟೀಮಿನಲ್ಲಿ ಎಸೆಯುವವಳು ಜಾಸ್ತಿ ಎಸೆಯೂದು ಆ ಕಡೆಗೇ, ನಾನು ನೋಡಿದ್ದೇನೆ."

ಒಂದು ಮಾತು ನಾಯಕಿಯನ್ನು ಕೇಳಿ ನೋಡುವ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಆಯಿತು ಎಂದೆ.